ಒಲ್ಲೆ ಅನ್ನೋ ಗುಂಡಿ

ಕೊಟ್ಟೂರೇಶ್ ತನ್ನ ತಂಗಿ ರಶ್ಮಿತಾಳ ಮಾತಿನ ಯಂತ್ರದಿಂದ 'ಒಲ್ಲೆ' ಎಂಬ ಪದವನ್ನು ಅಳಿಸಿಹಾಕಿದ.

ರಶ್ಮಿತಾಳಿಗೆ ಕೈಕಾಲು, ನಾಲಿಗೆ ಯಾವುದೂ ಆಡುವುದಿಲ್ಲ. ಪರದೆಯ ಮೇಲಿನ ಪದವನ್ನು ಅವಳು ದಿಟ್ಟಿಸಿದರೆ ಯಂತ್ರ ಅದನ್ನು ಗಟ್ಟಿಯಾಗಿ ಹೇಳುತ್ತದೆ. ಹರಿಹರದ ಕರೋಕೆ ಸ್ಪರ್ಧೆಗೆ ತಯಾರಾಗುತ್ತಿದ್ದ ಅಣ್ಣನಿಗೆ ಎದ್ದು ಹೋಗಲಾರದ ಕೇಳುಗರೊಬ್ಬರು ಬೇಕಿತ್ತು. ಪಲ್ಲವಿ ಮುಗಿಯುವ ಮೊದಲೇ 'ಒಲ್ಲೆ' ಅನ್ನುವ ತಂಗಿ ಬೇಕಿರಲಿಲ್ಲ.

"ಈಗ ಕೇಳವ್ವಾ," ಅಂದವನೇ ಮೈಕು ಹಿಡಿದು ಶುರುಮಾಡಿದ.

ರಶ್ಮಿತಾ ಪರದೆಯನ್ನೆಲ್ಲ ಹುಡುಕಿ, ಮೂಲೆಯ ಕೆಂಪು ಚೌಕವನ್ನು ದಿಟ್ಟಿಸಿದಳು.

"ಕಾಪಾಡ್ರೀ! ಯಾರಾದ್ರೂ ಬರ್ರೀ!" ಯಂತ್ರ ನಿಟ್ಟುವಳ್ಳಿ ಬಡಾವಣೆಗೆಲ್ಲ ಕೇಳುವಂತೆ ಕೂಗಿತು.

ಆಟೋದವರು ಓಡಿಬಂದರು. ಎದುರುಮನೆಯ ನಿರ್ಮಲಮ್ಮ ಕೊಡ ನೀರು ಹೊತ್ತು ಬಂದು, "ಬೆಂಕಿ ಎಲ್ಲೈತೋ?" ಅಂದರು.

"ಬೆಂಕಿ ಅಲ್ರೀ, ನಾನು ಹಾಡ್ತಿದ್ದೆ."

"ನೀನಾ? ಹಂಗಾರೆ ಹುಡುಗಿ ಕೂಗಿದ್ದು ಸರಿ ಐತೆ ಬಿಡು."

ಮರುದಿನವೂ ಹಾಡಿದ, ಮರುದಿನವೂ ಜನ ಸೇರಿದರು. ಅವರೆಲ್ಲರ ಎದುರಿಗೇ ಸೋತ ಕೊಟ್ಟೂರೇಶ್ ಅಳಿಸಿದ ಪದವನ್ನು ಮತ್ತೆ ಪರದೆಗೆ ಹಾಕಿದ.

"ನೋಡು, ನಿನ್ನ ಮಾತು ನಿನಗ ಕೊಟ್ಟೀನಿ. ಎಲ್ಲರ ಮುಂದೆ ಅಣ್ಣಗ ಥ್ಯಾಂಕ್ಸ್ ಹೇಳು."

ರಶ್ಮಿತಾ ನಿಧಾನವಾಗಿ ಕಣ್ಣು ಹೊರಳಿಸಿದಳು.

"ಒಲ್ಲೆ," ಅಂದಳು.