ಲೆಕ್ಕಕ್ಕೆ ಬಾರದ ಕೂಸು

ಅತ್ತಿಗೆ ಹೆತ್ತು ಇಪ್ಪತ್ತೆಂಟು ದಿನವಾಗಿತ್ತು. ಅಜ್ಜಿಯ ಪ್ರಕಾರ ಮಗು ಇನ್ನೂ ಹುಟ್ಟಿರಲಿಲ್ಲ.

ನಮ್ಮ ಮನೆಯ ಪದ್ಧತಿ ಅದು. ದಿನ ತುಂಬದೆ ಬಂದ ಕೂಸನ್ನು, ದಿನ ತುಂಬುವ ತನಕ ಬಂದಿದೆ ಎನ್ನುವಂತಿಲ್ಲ. ಹೆಸರು ಹಿಡಿಯುವಂತಿಲ್ಲ, ಹೊಸಿಲು ದಾಟಿಸುವಂತಿಲ್ಲ, ಪರರೆದುರು ಬಾಯಿ ಬಿಡುವಂತಿಲ್ಲ. ನಮ್ಮ ಕೂಸಿಗೋ ಅವಸರ. ಎರಡು ತಿಂಗಳು ಮೊದಲೇ, ಒಂದೂಕಾಲು ಕೆಜಿ ತೂಗಿಕೊಂಡು ಬಂದುಬಿಟ್ಟಿತ್ತು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದು, ಹಿಂದಿನ ದಿನವಷ್ಟೇ ಮನೆಗೆ ಬಂದಿತ್ತು.

ಬೆಳಿಗ್ಗೆ ಪಕ್ಕದ ಮನೆಯ ದರ್ಜಿಯಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು.

"ಏನಜ್ಜಿ, ಮಗು ಅತ್ತ ಹಾಗಾಯ್ತು?"

"ನಮ್ಮನೇಲಿ ಮಗು ಎಲ್ಲಿದೆಯಮ್ಮ? ಇನ್ನೂ ಒಂದು ತಿಂಗಳಿದೆ."

"ಮತ್ತೆ ಹಗ್ಗದ ಮೇಲೆ ಅಂಗೈಯಗಲದ ಅಂಗಿ?"

"ನಮ್ಮ ಹುಡುಗಂದು. ಒಗೆದ್ಮೇಲೆ ಕುಗ್ಗಿದೆ."

ಬಸ್ಸಿನಲ್ಲಿ ಎಪ್ಪತ್ತು ಜನರನ್ನು ಗದರಿಸುವ ಕಂಡಕ್ಟರ್ ಅಣ್ಣ, ಅದು ತನ್ನದೇ ಅಂಗಿಯೆಂಬಂತೆ ತಲೆಯಾಡಿಸಿದ.

ನನಗೆ ನಗು ಬಂತು. ಆದರೆ ನರ್ಸಮ್ಮ ಕೊಟ್ಟ ಚೀಟಿ ನೆನಪಾಗಿ ನಿಂತೂ ಹೋಯಿತು. ಮೂವತ್ತು ದಿನದೊಳಗೆ ಕಣ್ಣಿನ ಪರೀಕ್ಷೆ ಆಗಲೇಬೇಕು. ಬೇಗ ಹುಟ್ಟಿದ ಮಕ್ಕಳ ಕಣ್ಣೊಳಗೆ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯಬಹುದಂತೆ. ಬೇಗ ಹಿಡಿದರೆ ದೃಷ್ಟಿ ಉಳಿದೀತು, ತಡವಾದರೆ ಶಾಶ್ವತ ಕತ್ತಲು. ಉಳಿದದ್ದು ಎರಡೇ ದಿನ.

"ದಿನ ತುಂಬಲಿ, ಆಮೇಲೆ ತೋರ್ಸಿ," ಅಂದಳು ಅಜ್ಜಿ.

"ಅಷ್ಟೊತ್ತಿಗೆ ಕಣ್ಣೇ ಹೋಗಿರುತ್ತೆ ಅಜ್ಜಿ."

"ಓಹೋ, ಡಿಗ್ರಿ ಬಾಯಿ ಬಿಡ್ತು! ನೆಂಟರು ಬಂದ್ರೆ ಬಾಗಿಲ ಹಿಂದೆ ಅವಿತ್ಕೊಳ್ಳೋಳು ನನಗೆ ಬುದ್ಧಿ ಹೇಳ್ತಾಳೆ."

ಸುಳ್ಳಲ್ಲ. ನನ್ನ ಮಾತೆಲ್ಲ ಡೈರಿಯ ಜೊತೆಗೇ. ಅವತ್ತು ಮಾತ್ರ ಯಾಕೋ ನಾಲಿಗೆ ತಡವರಿಸಲಿಲ್ಲ.

"ಹುಟ್ಟಿಲ್ಲ ಅಂತೀಯಲ್ಲ? ಹಾಗಾದ್ರೆ ಅತ್ತಿಗೆ ಇನ್ನೂ ಬಸುರಿ. ಬಸುರೀನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ತಪ್ಪಾ?"

ಅತ್ತಿಗೆ ಕಿಸಕ್ಕನೆ ನಕ್ಕಳು. ಎದೆಗವಚಿಕೊಂಡಿದ್ದ ಕೂಸೂ ಜೊತೆಗೆ ಕುಲುಕಿತು.

ಅಜ್ಜಿ ನಗಲಿಲ್ಲ. "ನನ್ನವೂ ಎರಡು ಹೀಗೇ ಬಂದ್ವು ಕಣೇ. ಹುಟ್ತು, ಹುಟ್ತು ಅಂತ ಕಂಡೋರಿಗೆಲ್ಲ ಹೇಳ್ದೆ. ವಾರ ನಿಲ್ಲಲಿಲ್ಲ. ಆಮೇಲೆ ಕೇಳ್ದೋರಿಗೆಲ್ಲ ಇಲ್ಲ ಅಂತ ನಾನೇ ಹೇಳ್ಬೇಕಾಯ್ತು."

ಮನೆತನದ ಪದ್ಧತಿಯೊಳಗೆ ಇಷ್ಟು ವರ್ಷ ಅಡಗಿ ಕೂತಿದ್ದ ಹೆದರಿಕೆ ನನಗೆ ಕಂಡದ್ದು ಆಗ. ಹೆದರಿಕೆಗೆ ಕೈಮುಗಿಯಬಹುದು, ಮಗುವಿನ ಕಣ್ಣನ್ನು ಕಾಣಿಕೆ ಕೊಡಲಾದೀತೇ?

"ಹೇಳದೇ ಇದ್ದಿದ್ರೆ ಉಳೀತಿದ್ವಾ, ಅಜ್ಜಿ?"

ಅವಳು ಗೋಡೆಯ ಕಡೆ ತಿರುಗಿ ಕುಳಿತಳು. ನಾನು ಅತ್ತಿಗೆಯ ಕೈ ಹಿಡಿದು ಹೊಸಿಲು ದಾಟಿದೆ. ಅಣ್ಣ ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಬಂದು, "ನನ್ನ ಬಸ್ಸಿಗೇ ಬನ್ನಿ, ಮುಂದಿನ ಸೀಟು ಹಿಡಿದಿಡ್ತೀನಿ," ಎಂದು ಪಿಸುಗುಟ್ಟಿದ.

ಸಂಜೆ ನಾವು ಮರಳಿದಾಗಲೂ ಅಜ್ಜಿಯ ಮುಖ ಗೋಡೆಗೇ ಇತ್ತು.

"ಏನಂದ್ರಂತೆ?" ಎಂದು ಗೋಡೆಯನ್ನೇ ಕೇಳಿದಳು.

"ಎಡಗಣ್ಣಲ್ಲಿ ಶುರುವಾಗಿದೆಯಂತೆ. ನಾಡಿದ್ದು ಲೇಸರ್ ಚಿಕಿತ್ಸೆ. ಸರಿಯಾದ ಹೊತ್ತಿಗೆ ಬಂದ್ರಿ, ದೃಷ್ಟಿ ಉಳಿಯೋ ಭರವಸೆ ಇದೆ ಅಂದ್ರು."

ಅಜ್ಜಿ ಮೂಗೊರೆಸಿಕೊಂಡು ಕೇಳಿದಳು:

"ಅಲ್ಲಿ ಮುದುಕಿಯರು ಕೂರೋಕೆ ಬೆಂಚು ಗಿಂಚು ಇದೆಯೇನೇ?"