ಎರಡು ಮನೆಯ ಕಂಬಳಿ

ನಾನು ಕರಿ ಕಂಬಳಿ. ಮುಟ್ಟಿದರೆ ಚುಚ್ಚುತ್ತೇನೆ, ನೆನೆದರೆ ಕುರಿಯ ವಾಸನೆ ಹೊಡೆಯುತ್ತೇನೆ. ಮೆತ್ತನೆಯ ರಗ್ಗುಗಳ ಕಾಲದಲ್ಲಿ ನನ್ನನ್ನು ಯಾರೂ ಹೊಗಳುವುದಿಲ್ಲ. ಹೊಗಳದಿದ್ದರೆ ಹೋಯಿತು. ನಾನು ಕಂಡಂಥ ಮನುಷ್ಯನನ್ನು ಯಾವ ರಗ್ಗೂ ಕಂಡಿಲ್ಲ.

ಸವಣೂರಿನ ಹೊರಗಿನ ಒಂದು ಕೇರಿಯಲ್ಲಿ ಮಾಳಪ್ಪನೆಂಬ ನೇಕಾರ ನನ್ನನ್ನು ನೇಯ್ದ. ಅವನ ಮಗ್ಗ ಕಿರಿದು. ಹಾಗಾಗಿ ಎರಡು ಪಟ್ಟಿಗಳನ್ನು ಬೇರೆಬೇರೆಯಾಗಿ ನೇಯ್ದು, ನಡುವೆ ಉಣ್ಣೆಯ ದಾರದಿಂದ ಹೊಲಿದು ಒಂದು ಕಂಬಳಿ ಮಾಡುತ್ತಿದ್ದ. ಆಮೇಲೆ ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಹರವಿದ. ನಾನು ಸೆಟೆದುಕೊಂಡೆ. ಆ ಗುಣ ಇನ್ನೂ ಪೂರ್ತಿ ಹೋಗಿಲ್ಲ.

ನನ್ನನ್ನು ಕೊಂಡವನು ಗುರುಶಾಂತಪ್ಪ. ಬೆಳಿಗ್ಗೆ ರೈತ, ಮಧ್ಯಾಹ್ನ ಪೇಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ, ಸಂಜೆ ಮಕ್ಕಳ ಕುದುರೆ. ಮೂರು ಕಡೆಯೂ ಅವನಿಗೆ ನಾನು ಬೇಕು. ಹೊಲದಲ್ಲಿ ಮಳೆ ಹನಿದರೆ ಕೊಪ್ಪೆಯಾಗಿ ಅವನ ತಲೆ ಏರುತ್ತಿದ್ದೆ, ಅಂಗಡಿಯಲ್ಲಿ ಮಡಚಿಕೊಂಡು ಅವನ ಕೆಳಗೆ ಕೂರುತ್ತಿದ್ದೆ. ಮನೆಯಲ್ಲಿ ಮಗಳು ನೀಲಮ್ಮ ನನ್ನನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡು ಹೋಗಿ ಒಂದು ಅಂಚನ್ನು ಸುಟ್ಟೇಬಿಟ್ಟಳು. ಅವಳ ತಾಯಿ ಪಾರವ್ವ ಬೈಯಲು ಹೋದರೆ ಗುರುಶಾಂತಪ್ಪ ನಕ್ಕು, "ಕೂಸು ಸುಟ್ಕೊಳ್ಳಿಲ್ಲಲ್ಲ, ಕಂಬಳಿ ಸುಟ್ರ ಸುಡವಲ್ದ್ಯಾಕ" ಅಂದ. ನನಗೆ ಸಿಟ್ಟು ಬಂದದ್ದು ನಿಜ.

ಅಂಗಡಿಗೆ ಹತ್ತಿ ತಂದವರಿಗೆ ಓದು ಬರದಿದ್ದರೆ ಅವನು ಬರೆದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿದ್ದ. ಅವರು ಅದನ್ನು ತಮ್ಮ ಬಾಯಿಂದ ತಿರುಗಿ ಹೇಳುವ ತನಕ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿರಲಿಲ್ಲ. ಹೀಗಾಗಿ ಊರಿನಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗಲೂ ಅವನಿಗೇ ಕರೆ ಬರುತ್ತಿತ್ತು. ನಮ್ಮ ಕಡೆಯ ಪದ್ಧತಿಯಲ್ಲಿ ಹಿರಿಯನು ಪಾಲು ಮಾಡಬೇಕು, ಕಿರಿಯನು ಮೊದಲು ಆರಿಸಬೇಕು. ಉಳಿದದ್ದು ಹಿರಿಯನಿಗೆ. ಪ್ರತಿ ಪಾಲಿನ ಹೊಲದಿಂದ ಒಂದು ಹೆಂಟೆ ಮಣ್ಣು ತಂದು ಕಂಬಳಿಯ ಮೇಲಿಡುತ್ತಾರೆ. ಕಿರಿಯನು ಒಂದು ಹೆಂಟೆ ಎತ್ತಿಕೊಂಡನೆಂದರೆ ಮುಗಿಯಿತು, ಮತ್ತೆ ಮಾತಿಲ್ಲ. ಎಷ್ಟೋ ಮನೆಗಳ ಮಣ್ಣು ನನ್ನ ಮೇಲೆ ಉದುರಿದೆ.

ಕಡೆಗೆ ನಮ್ಮ ಮನೆಯ ಸರದಿಯೂ ಬಂತು. ತಮ್ಮ ಈರಬಸಪ್ಪ ಬೇರೆಯಾಗುತ್ತೇನೆಂದ. ಅಣ್ಣ ಲೆಕ್ಕದವನು, ಏನಾದರೂ ಕೈಚಳಕ ಮಾಡದೆ ಬಿಡುವುದಿಲ್ಲ ಎಂದು ಯಾರೋ ಅವನ ಕಿವಿ ಊದಿದ್ದರು.

ಇದ್ದದ್ದು ಎರಡು ಹೊಲ. ಒಂದು ಸಣ್ಣದು, ಅದರಲ್ಲಿ ಬಾವಿ. ಗುರುಶಾಂತಪ್ಪ ಹರೆಯದಲ್ಲಿ ತಾನೇ ಹಾರೆ ಹಿಡಿದು ತೋಡಿದ ಬಾವಿ ಅದು. ಇನ್ನೊಂದು ದೊಡ್ಡ ಎರೆಹೊಲ, ನೀರಿಲ್ಲ. ಬಾವಿಯ ಪಾಲಿಗೆ ಎರೆಹೊಲದಿಂದ ಎಷ್ಟು ನೆಲ ಸೇರಿಸಬೇಕು ಎಂಬುದೇ ಕಗ್ಗಂಟು.

"ಬಾವಿ ಪಾಲಿಗೆ ನೆಲ ಕಡಿಮಿ ಹಾಕ್ರಿ. ನಿಮ್ಮ ತಮ್ಮ ಅದನ್ನ ಮುಟ್ಟೂದಿಲ್ಲ. ನೀವು ತೋಡಿದ್ದು ನಿಮಗ ಉಳೀತೈತಿ" ಎಂದಳು ಪಾರವ್ವ.

"ಬಾವಿ ಉಳೀತೈತಿ," ಅಂದ ಗುರುಶಾಂತಪ್ಪ. "ತಮ್ಮ ಉಳಿಯೂದಿಲ್ಲ."

ಪಾಲಿನ ದಿನ ಬೇವಿನ ಕೆಳಗೆ ನನ್ನನ್ನು ಹಾಸಿದರು. ಹಿರಿಯರು ಕೂತರು. ಎರಡು ಹೆಂಟೆ ಇಟ್ಟರು. ಈರಬಸಪ್ಪ ಬಹಳ ಹೊತ್ತು ನಿಂತ. ಮೋಸ ಹುಡುಕುತ್ತಿದ್ದ, ಅದು ಸಿಗಲಿಲ್ಲ.

"ಅಣ್ಣಾ, ಖರೇ ಹೇಳು. ನಿನಗ ಯಾವುದು ಬೇಕಿತ್ತು?"

"ಎರಡೂ ಬೇಕಾಗಿದ್ವು. ಅದಕ್ಕ ಎರಡೂ ಸಮ ಆಗ್ಯಾವು."

ಆಸೆಯನ್ನೇ ತಕ್ಕಡಿ ಮಾಡಿಕೊಂಡವನನ್ನು ನಾನು ಅದೇ ಮೊದಲು ಕಂಡೆ.

ಈರಬಸಪ್ಪ ಬಾವಿಯ ಹೆಂಟೆ ಎತ್ತಿಕೊಂಡ. ಅಣ್ಣನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅದೇ ತಮ್ಮನನ್ನು ಕೆರಳಿಸಿತೋ ಏನೋ. "ಲೆಕ್ಕದಾಗ ಒಂದು ಸಾಮಾನು ಬಿಟ್ಟಿ" ಎಂದು ನನ್ನತ್ತ ಬೆರಳು ತೋರಿಸಿದ. ಕೊಡ, ಕೊಪ್ಪರಿಗೆ, ನೇಗಿಲು ಎಲ್ಲವನ್ನೂ ಹಂಚಿದವನು ಎಲ್ಲರೂ ಕೂತಿದ್ದ ಕಂಬಳಿಯನ್ನೇ ಮರೆತಿದ್ದ! ಹಿರಿಯರು ತಲೆ ತಗ್ಗಿಸಿದರು.

"ಖರೇನ ಬಿಟ್ಟೀನಿ, ನಂದ ತಪ್ಪು" ಎಂದು ಗುರುಶಾಂತಪ್ಪ ಸೂಜಿ ತರಿಸಿದ. ಮಾಳಪ್ಪ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದ. ನಾನು ಕಂಬಳಿ, ಅಳುವುದು ಬರುವುದಿಲ್ಲ. ಬಂದಿದ್ದರೆ ಅವತ್ತು ಅತ್ತುಬಿಡುತ್ತಿದ್ದೆ. ಒಂದು ಪಟ್ಟಿ ಚೆನ್ನಾಗಿತ್ತು, ಇನ್ನೊಂದು ನೀಲಮ್ಮ ಸುಟ್ಟದ್ದು. "ಆರಿಸ್ಕೊ ತಮ್ಮಾ" ಅಂದ. ಈರಬಸಪ್ಪ ಚೆನ್ನಾಗಿದ್ದುದನ್ನು ಎತ್ತಿಕೊಂಡು ಹಿಂದಿರುಗಿ ನೋಡದೆ ಹೋದ. ಸುಟ್ಟ ಪಟ್ಟಿಯಾಗಿ ನಾನು ಉಳಿದೆ.

ಮುಂದೆ ಅಣ್ಣತಮ್ಮಂದಿರು ಬದುವಿನ ಮೇಲೆ ಎದುರಾದರೆ ಮಳೆಯ ಮಾತಷ್ಟೇ ಆಡುತ್ತಿದ್ದರು. ಆದರೆ ಈರಬಸಪ್ಪ ತನ್ನ ಹೊಲಕ್ಕೆ ನೀರುಣಿಸಿದ ಮೇಲೆ ಕಾಲುವೆಯನ್ನು ಅಣ್ಣನ ಎರೆಹೊಲದ ಕಡೆ ಒಡೆದು ಹೋಗುತ್ತಿದ್ದ. ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ನೀರು ಮಾತ್ರ ಬರುತ್ತಿತ್ತು. ಆ ನೀರಿನಲ್ಲಿ ಬೆಳೆದ ಮೊದಲ ಗೋಧಿಯನ್ನು ಗುರುಶಾಂತಪ್ಪ ಚೀಲಕ್ಕೆ ತುಂಬಿ ತಮ್ಮನ ಕಟ್ಟೆಯ ಮೇಲಿಟ್ಟು ಬಂದ. ಇನ್ನೇನು ಮಾತಾಡಿಯೇಬಿಡುತ್ತಾರೆ ಎಂದು ನಾನು ವರ್ಷ ವರ್ಷವೂ ಕಾದೆ. ಅವನ ಮಂಡಿಯ ಕೆಳಗೆ, ಬೆನ್ನಿನ ಕೆಳಗೆ, ಮೊಮ್ಮಕ್ಕಳ ಉಚ್ಚೆಯ ಕೆಳಗೆ ಸವೆದು ಸವೆದು ಜಾಳಾದೆ.

ಒಂದು ದಿನ ಗುರುಶಾಂತಪ್ಪ ಹೊಲದಿಂದ ಬಂದು, ಚಹಾ ಕುಡಿದು, ನನ್ನ ಮೇಲೆ ಒರಗಿದ. ಮತ್ತೆ ಏಳಲಿಲ್ಲ.

ಈರಬಸಪ್ಪ ಬಂದ. ಬಗಲಲ್ಲಿ ನನ್ನ ಇನ್ನರ್ಧ ಇತ್ತು. ಮೊದಲು ನಾನು ಗುರುತು ಹಿಡಿಯಲಿಲ್ಲ. ಒಂದು ಎಳೆಯೂ ಸವೆದಿರಲಿಲ್ಲ, ಮಾಳಪ್ಪನ ಗಂಜಿ ಇನ್ನೂ ಹಾಗೇ ಇತ್ತು. ಅಷ್ಟು ವರ್ಷ ಅವನು ಅದರ ಮೇಲೆ ಒಮ್ಮೆಯೂ ಕೂತಿರಲಿಲ್ಲ.

"ಒಂಚೂರು ಎತ್ರಿ" ಅಂದ. ಅಣ್ಣನ ಕೆಳಗಿನಿಂದ ನನ್ನನ್ನು ತೆಗೆದು ಅದನ್ನು ಹಾಸಿದ.

ಪಾಲಿನ ದಿನ ಕೂತಿದ್ದ ಹಿರಿಯರೊಬ್ಬರು ಕೇಳಿದರು: "ಈರಬಸಪ್ಪಾ, ಆಗಿ ಹೋದ ಪಾಲು ಬದಲು ಮಾಡ್ತಾರೇನೊ?"

"ಅವತ್ತ ಸಿಟ್ಟು ಆರಿಸಿತ್ರಿ ಕಾಕಾ, ನಾ ಆರಿಸಿದ್ದಿಲ್ಲ. ಕಿರಿಯಾವನ ಮೊದಲು ಆರಿಸಬೇಕಲ್ಲ? ಈಗ ಆರಿಸ್ತೀನಿ." ನನ್ನ ಸುಟ್ಟ ಅಂಚಿನಲ್ಲಿ ಮುಖ ಹುದುಗಿಸಿ, ಆ ದೊಡ್ಡ ಆಳು ಹುಡುಗನ ಹಾಗೆ ಅತ್ತ.

ನನ್ನ ಇನ್ನರ್ಧ ಗುರುಶಾಂತಪ್ಪನೊಂದಿಗೆ ಮಣ್ಣಿಗೆ ಹೋಯಿತು. ನಾನು ಈಗ ಬಾವಿಯ ಮನೆಯಲ್ಲಿದ್ದೇನೆ. ಈರಬಸಪ್ಪನಿಗೂ ವಯಸ್ಸಾಯಿತು. ದಿನವೂ ನನ್ನನ್ನು ಬಾವಿಯ ಕಟ್ಟೆಗೆ ಹಾಸಿ ಕೂರುತ್ತಾನೆ. ನೀರು ಈಗ ಮೊದಲು ಎರೆಹೊಲಕ್ಕೆ ಹೋಗುತ್ತದೆ, ಆಮೇಲೆ ಅವನ ಹೊಲಕ್ಕೆ. ಲೆಕ್ಕ ಬರೆಯುವವರನ್ನು ಊರು ಬಹಳ ಕಂಡಿದೆ. ಬದುಕಿದ್ದಾಗ ಗೆಲ್ಲದೆ, ಹೋದ ಮೇಲೆ ತಮ್ಮನನ್ನು ಹೀಗೆ ಗೆದ್ದವನನ್ನು ನೆನೆದರೆ ನನಗೆ ಇವತ್ತಿಗೂ ಬೆರಗು.

ಮೊನ್ನೆ ಸೊಸೆ ಪೇಟೆಯಿಂದ ಹೊಸ ರಗ್ಗು ತಂದಳು. "ಮಾವಾರ, ಆ ಹರಕ ಒಗೀರಿ. ಇದರ ಮ್ಯಾಲೆ ಕೂಡ್ರಿ" ಅಂದಳು.

ಈರಬಸಪ್ಪ ನನ್ನನ್ನು ಕೊಡವಿ ಮತ್ತೆ ಕಟ್ಟೆಗೆ ಹಾಸಿದ.

"ಇರವಲ್ದ್ಯಾಕವ್ವಾ," ಅಂದ. "ಇದು ನನ್ನ ಪಾಲು."