ಸಂಘದ ರಾಶಿ ಮಷೀನು

"ನಗ್ರಿ ಅಂದ್ರ ನಗಾಕ ಬರಂಗಿಲ್ಲೇನು ನಿಮಗ? ಹೆಣಕ್ಕ ಬಂದೋರಂಗ ನಿಂತೀರಲ್ಲ!"

ಕೃಷಿ ಅಧಿಕಾರಿ ಬಸವಕಿರಣ ಮೊಬೈಲನ್ನು ಕಣ್ಣ ಮುಂದೆ ಹಿಡಿದು ಇನ್ನೊಂದು ಹೆಜ್ಜೆ ಹಿಂದೆ ಸರಿದ. ಪಾಟೀಲನ ವಾಡೆಯ ಅಂಗಳದಲ್ಲಿ, ಕಾಳು ಒಕ್ಕುವ ಹಳದಿ ಬಣ್ಣದ ರಾಶಿ ಮಷೀನಿನ ಮುಂದೆ, ಕೇರಿಯ ಹೆಂಗಸರು ಒಗೆದ ಸೀರೆಯುಟ್ಟು ಸಾಲಾಗಿ ನಿಂತಿದ್ದರು. ಸಂಘದ ಅಧ್ಯಕ್ಷೆ ಎಂದು ಸುಂದರಬಾಯಿಯನ್ನು ನಡುವೆ ನಿಲ್ಲಿಸಿದ್ದರು. ಬೆಳಗಿನಿಂದ ಅವಳ ಹೊಟ್ಟೆಗೆ ಚಹಾ ಬಿಟ್ಟರೆ ಏನೂ ಬಿದ್ದಿರಲಿಲ್ಲ.

"ಅವ್ರಿಗಿ ನಗೂದು ಕಲಸಬ್ಯಾಡ್ರಿ ಸಾಹೇಬ್ರ," ಕಟ್ಟೆಯ ಮೇಲೆ ಕೂತಿದ್ದ ನಾಗನಾಥ ಪಾಟೀಲ ತಂಬಾಕು ಉಗುಳಿ ಹೇಳಿದ. "ಒಮ್ಮಿ ಹಲ್ಲು ಬಿಟ್ರ ತೆಲಿ ಮ್ಯಾಲ ಬಂದು ಕುಂದರ್ತಾವ, ರಂಡೇರು."

ಕಚೇರಿಯವರು ಕಿಸಕ್ಕನೆ ನಕ್ಕರು.

ಮಷೀನು ಸಂಘದ್ದೇ. ಡೀಸೆಲ್ ಎಂಜಿನ್ ಕೂಡಿಸಿದ, ಎರಡು ಟೈರಿನ ಸಣ್ಣ ಮಷೀನು. ಹಿಂದಿನ ವರ್ಷ ಇಲಾಖೆಯಿಂದ ಸುಜಾತಾ ಮಹಿಳಾ ಸಂಘದ ಹೆಸರಿಗೆ ಬಂದಾಗ, ಕೇರಿಯಲ್ಲಿ ಶೆಡ್ ಇಲ್ಲ, ಮಳೆಗೆ ಕೆಡುತ್ತದೆ ಎಂದು ಬಸವಕಿರಣನೇ ಅದನ್ನು ಇಲ್ಲಿ ಇಳಿಸಿದ್ದ. ಇಳಿದದ್ದು ಇಳಿದೇ ಹೋಯಿತು. ಪಾಟೀಲನ ತೊಗರಿ, ಅವನ ಬೀಗರ ಸೋಯಾ, ಘಾಟಬೋರಾಳದ ಅವನ ಗೆಳೆಯರ ಕಡಲೆ, ಎಲ್ಲ ಅದರಲ್ಲೇ ರಾಶಿಯಾದವು. ಸಂಘದ ಹೆಂಗಸರು ಆ ರಾಶಿಗಳಿಗೆ ಕೂಲಿ ಹೋಗಿ ತಮ್ಮದೇ ಮಷೀನಿನ ಬಾಯಿಗೆ ಸೂಡು ಒಡ್ಡಿದರು. ಮನೆಗೆ ಬಂದು ತಮ್ಮ ತೊಗರಿಯನ್ನು ಬಡಿಗೆಯಿಂದ ಬಡಿದರು. ಹಾಗೆ ಬಡಿಯುವಾಗ ಸಖುಬಾಯಿಯ ಭುಜ ಸರಿದದ್ದು ಇನ್ನೂ ನೆಟ್ಟಗಾಗಿಲ್ಲ. ಕುಪ್ಪಸ ತೊಡಬೇಕಾದರೆ ಪಕ್ಕದ ಮನೆಯವರನ್ನು ಕೂಗುತ್ತಾಳೆ.

ಈ ಸಲ ಸಂಘದವರೆಲ್ಲ ಕೂಡಿ ವರ್ಷದ ಗುತ್ತಿಗೆಗೆ ಹೊಲ ಲಾವಣಿ ಹಿಡಿದಿದ್ದರು. ಕೊಯ್ದ ತೊಗರಿ ಬಯಲಲ್ಲಿ ಬಿದ್ದಿತ್ತು. ಹುಮನಾಬಾದ್ ಕಡೆ ನಿನ್ನೆಯೇ ಹನಿ ಉದುರಿದ ಸುದ್ದಿ ಬಂದಿತ್ತು.

"ಏ ಸುಂದರಬಾಯಿ, ಮೈಕಿನ್ಯಾಗ ಏನ್ ಅಂತಿ? ಅನ್ನು ನೋಡಾಮು," ಎಂದ ಬಸವಕಿರಣ.

"ಈ ಮಷೀನ್ ಬಂದು... ನಮ್ಮ ಬಾಳೇವು ಬದಲಾತ್ರಿ."

"ಹಾಂ. ಆಫೀಸಿನೋರು, ಪಾಟೀಲ್ರು, ನಾವು, ಎಲ್ಲಾ ಒಂದ ಟೀಮ್ ಅದೇವಿ ಅನ್ನು. ಅದು ಬಿಡಬ್ಯಾಡ. ದಿಲ್ಲಿಯಿಂದ ಬರಾಕತ್ತಾರ, ಚೊಲೋ ಟೀಮ್ ಯಾವ್ದು ಅಂತ ನೋಡಾಕ. ನಮ್ಮ ಆಫೀಸಿಗಿ ಪ್ರಶಸ್ತಿ ಬಂದ್ರ ನಿಮಗೂ ಹೆಸರಲ್ಲೇನು?"

ಸುಂದರಬಾಯಿಯ ಸೊಸೆ ವಿಶಾಖಾ ಸಾಲಿನಿಂದ ಮುಂದೆ ಬಂದಳು. "ಸರ್, ಹಂಗಾರ ಇವತ್ತ ಮಷೀನ್ ಕೊಡ್ರಿ. ಮಾಡ ಆಗ್ಯಾದ. ತೊಗರಿ ತೊಯ್ದ್ರ ಕರ್ರಗಾಗ್ತದ್ರಿ."

"ಕಾರ್ಯಕ್ರಮ ಮುಗೀಲಿ ತಂಗಿ, ನೋಡಾಮು."

"ಹೋದ ಸುಗ್ಗಿಗೂ ನೋಡಾಮು ಅಂದಿದ್ರಿ."

"ಏನ್ಲೇ ಅದು ವಟವಟ!" ಪಾಟೀಲ ಕಟ್ಟೆಯಿಂದ ಇಳಿದ. "ನಂದೇ ಇನ್ನಾ ಎರಡು ಹೊಲ ಅದ. ಹೊಲೇರ ತೊಗರಿ ತೊಯ್ದ್ರ ದೇಶೇನು ಮುಳಗಂಗಿಲ್ಲ. ಸೊಸಿಗಿ ಬಾಯಿ ಮುಚ್ಚಾಕ ಹೇಳ, ಸುಂದ್ರಿ."

ಸುಂದರಬಾಯಿ ವಿಶಾಖಾಳ ರಟ್ಟೆ ಹಿಡಿದು ಹಿಂದೆ ಎಳೆದುಕೊಂಡಳು. ಎಳೆದುಕೊಂಡ ತನ್ನ ಕೈಯ ಮೇಲೆಯೇ ಅವಳಿಗೆ ಸಿಟ್ಟು ಬಂತು.

ದಿಲ್ಲಿಯ ಮೇಡಂ ಮಾಣಿಕನಗರದಲ್ಲಿ ದರ್ಶನ ಮುಗಿಸಿಕೊಂಡು ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಪಾಟೀಲ ಶಾಲು ಹೊದಿಸಿದ. ಬಸವಕಿರಣ ಹಿಂದಿಯಲ್ಲಿ ಉದ್ದಕ್ಕೆ ಹೇಳಿದ: ಇಲಾಖೆ, ಊರ ಹಿರಿಯರು, ಬಡ ಮಹಿಳೆಯರು, ಒಂದೇ ಕುಟುಂಬದಂತೆ. ಆಮೇಲೆ ಮೈಕನ್ನು ಸುಂದರಬಾಯಿಯ ಬಾಯಿಗೆ ಹಿಡಿದ.

ಕಲಿಸಿದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಮೇಡಂ ಅವಳನ್ನು ನೋಡಿ ತಲೆಯಾಡಿಸಿದಳು, ಹೇಳಮ್ಮ ಎನ್ನುವಂತೆ. ಆ ಅಂಗಳದಲ್ಲಿ ಅವಳತ್ತ ಹಾಗೆ ಯಾರೂ ನೋಡಿದ್ದಿಲ್ಲ.

"ಮೇಡಮ್ಮೋರ, ಈ ಮಷೀನ್ ನಮ್ದ್ರಿ. ಆದ್ರ ಒಂದಿನಾನೂ ನಮ್ಮ ಕಣಕ್ಕ ಬಂದಿಲ್ರಿ. ನಮ್ಮನ್ನ ಫೋಟೋಕ್ಕ ನಿಂದ್ರಸ್ಯಾರ. ನಮ್ಮ ತೊಗರಿ ಬಯಲಾಗ ಬಿದ್ದಾದ. ನಿಮ್ಮ ಕಾಲ ಬೀಳ್ತೀನಿ, ಇವತ್ತ ಕೊಡಸ್ರಿ."

ಪಾಟೀಲನ ದವಡೆ ನಿಂತಿತು. ಮೇಡಂ ನಗುನಗುತ್ತಲೇ ಬಸವಕಿರಣನ ಕಡೆ ತಿರುಗಿ, ಏನಂದರು ಎಂದು ಹಿಂದಿಯಲ್ಲಿ ಕೇಳಿದಳು.

"ಬೋಲ್ ರಹೀ ಹೈ ಮೇಡಂ, ಮಶೀನ್ ಆನೇಸೇ ಜಿಂದಗೀ ಬದಲ್ ಗಯೀ." ತಾನು ಕಲಿಸಿದ ಮಾತನ್ನೇ, ಮಷೀನು ಬಂದು ಬಾಳು ಬದಲಾಯಿತೆಂದು, ಅವನು ಹಿಂದಿಯಲ್ಲಿ ಒಪ್ಪಿಸಿದ.

ಮೇಡಂ ಚಪ್ಪಾಳೆ ತಟ್ಟಿದಳು. ಎಲ್ಲರೂ ತಟ್ಟಿದರು.

ಬಸವಕಲ್ಯಾಣದ ಸಂತೆಯಲ್ಲಿ ಉರ್ದು ಮಾತಾಡುವ ಜೈನಬಿಯ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಸೊಪ್ಪು ಮಾರಿದವಳು ಸುಂದರಬಾಯಿ. ಆ ಭಾಷೆ ಅವಳಿಗೆ ಬರುತ್ತಿತ್ತು. "ನೈ ಮೇಡಂ! ಝೂಟ್ ಬೋಲ್ರೈ ಇನೆ!" ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಕೂಗಿದಳು. ಅಷ್ಟರಲ್ಲಿ ಮೈಕು ಪಾಟೀಲನ ಕೈಗೆ ಹೋಗಿ ಕಿರ್ರೆಂದಿತು. ಕಚೇರಿಯವನೊಬ್ಬ ಅವಳ ಹೆಗಲು ಹಿಡಿದು ಹಿಂದಕ್ಕೆ ನೂಕಿದ. ಮೇಡಂ ದೂರದಿಂದ ಕೈಬೀಸಿ, ಎಲ್ಲರೊಂದಿಗೆ ಊಟಕ್ಕೆ ವಾಡೆಯ ಒಳಗೆ ಹೋದಳು.

"ಉಳದದ್ದು ಕೊಡ್ತಾರ, ಹೋಗಬ್ಯಾಡ್ರಿ," ಎಂದು ಒಳಗಿನಿಂದ ಯಾರೋ ಕೂಗಿದರು.

ಬೈಗುಳ ಸುಂದರಬಾಯಿಗೆ ಹೊಸದಲ್ಲ. ಹುಟ್ಟಿದಾಗಿನಿಂದ ಕೇಳಿದ್ದಾಳೆ. ಆದರೆ ಎದೆ ಗಟ್ಟಿ ಮಾಡಿ ಆಡಿದ ಮಾತನ್ನು ಅವಳ ಕಣ್ಣೆದುರೇ ಬೇರೆ ಮಾಡಿ ದಾಟಿಸಿಬಿಟ್ಟಿದ್ದರು. ಅವಳು ಬಗ್ಗಿ, ಟೈರಿನ ಅಡಿಗೆ ಇಟ್ಟಿದ್ದ ಕಲ್ಲನ್ನು ಎಳೆದು ತೆಗೆದಳು.

"ಅತ್ತಿ?" ಎಂದಳು ವಿಶಾಖಾ.

"ಮಷೀನಿನ ಹಿಡಿ ಹಿಡಕೊ."

ಪಾಟೀಲನ ಕಡೆಯಿಂದ ಈ ಮಷೀನು ನಡೆಸುವ ಮಹೆಬೂಬ ಬೇವಿನ ಬುಡದಲ್ಲಿ ಕೂತಿದ್ದವನು ಎದ್ದ. "ಸುಂದ್ರಕ್ಕ, ಏನ್ ಮಾಡಾಕತ್ತಿ?"

"ನಮ್ಮ ಮಷೀನ್ ಒಯ್ಯಾಕತ್ತೇವಪ್ಪಾ. ಹೋಗಿ ಹೇಳೂದಿದ್ರ ಹೇಳು."

ಮಹೆಬೂಬ ವಾಡೆಯ ಬಾಗಿಲು ನೋಡಿದ, ಹೆಂಗಸರನ್ನು ನೋಡಿದ. ಅರ್ಧ ಮುಚ್ಚಿದ್ದ ಗೇಟನ್ನು ಪೂರ್ತಿ ತೆರೆದ. ಕೊರಳಿನ ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು, ಹಿಂದೆ ತಿರುಗದೆ ಬಸ್ ನಿಲ್ದಾಣದ ದಾರಿ ಹಿಡಿದ.

ಮೊದಲು ಮಷೀನು ಅಲುಗಲಿಲ್ಲ. ಮಣ್ಣಲ್ಲಿ ಟೈರು ಕಚ್ಚಿಕೊಂಡಿತ್ತು. ಕೆಲವರು ಮುಂದಿನ ಕಬ್ಬಿಣದ ಹಿಡಿ ಎತ್ತಿ ಜಗ್ಗಿದರು, ಉಳಿದವರು ಹಿಂದಿನಿಂದ ಎದೆಗೊಟ್ಟು ನೂಕಿದರು. ಸಖುಬಾಯಿ ಒಳ್ಳೆಯ ಭುಜವನ್ನೇ ಒಡ್ಡಿದಳು. ಒಮ್ಮೆ ಕಿತ್ತುಬಂತು, ನೋಡಿ, ಆಮೇಲೆ ನಿಲ್ಲಲಿಲ್ಲ. ಗೇಟು ದಾಟಿತು. ಸಿಮೆಂಟು ರಸ್ತೆಗೆ ಬಂದದ್ದೇ ಹಗುರಾಯಿತು.

ಚಾವಡಿ ದಾಟುವಾಗ ಪಾಟೀಲ ಎಂಜಲು ಕೈಯಲ್ಲೇ ಓಡಿಬಂದ. ಹಿಂದೆ ಬಸವಕಿರಣ ಕೂಗುತ್ತ ಬಂದ. "ನಾಳೆ ಕೊಡ್ತೀನ್ರವ್ವಾ, ಖರೇನ ಕೊಡ್ತೀನಿ, ಮೇಡಂ ಒಳಗದಾರ, ಮರ್ಯಾದಿ ತೆಗೀಬ್ಯಾಡ್ರಿ!"

"ಬಿಡ್ರೆಲೇ ಹಲ್ಕಟ್ ಸೂಳೇರಾ!" ಪಾಟೀಲ ವಿಶಾಖಾಳ ಜಡೆ ಹಿಡಿದು ಜಗ್ಗಿದ. ಅವಳ ಕುತ್ತಿಗೆ ಹಿಂದಕ್ಕೆ ಬಾಗಿತು, ಕೈ ಮಾತ್ರ ಮಷೀನಿನ ಹಿಡಿ ಬಿಡಲಿಲ್ಲ. ಸುಂದರಬಾಯಿ ಅವನ ಮಣಿಕಟ್ಟಿಗೆ ಹೊಡೆದಳು. ಹೊಡೆದ ಮೇಲೆ ತಾನೇ ಬೆಚ್ಚಿದಳು. ಜಡೆ ಬಿಟ್ಟ ಪಾಟೀಲ ಟೈರಿನ ಮೇಲೆ ಕಾಲಿಟ್ಟು, ಧೋತರ ಎತ್ತಿಕಟ್ಟಿ, ಮಷೀನಿನ ಮೇಲೆ ಹತ್ತಿ ಕೂತುಬಿಟ್ಟ.

"ಈಗ ಎಳೀರಿ ನೋಡಾಮು! ನನ್ನ ಇಳಿಸಿ ಒಯ್ರಿ, ಧಮ್ ಇದ್ರ!"

ಕೈಗಳು ನಿಂತವು. ಹೆಂಗಸರು ಸುಂದರಬಾಯಿಯ ಮುಖ ನೋಡಿದರು. ಅವಳು ತಲೆಯೆತ್ತಿ ಪಾಟೀಲನನ್ನು ನೋಡಿದಳು. ಅವನ ಬೆರಳುಗಳಿಗೆ ಇನ್ನೂ ತುಪ್ಪ ಮೆತ್ತಿತ್ತು.

"ಕುಂತ್ರ ಕುಂದ್ರಲಿ ಬಿಡ್ರೆವ್ವಾ," ಎಂದಳು. "ಇವ್ನ ಹೊರೂದು ನಮಗೇನು ಹೊಸಾದಾ? ಎಳೀರಿ."

ಎಳೆದರು. ಮಾರುತಿ ಗುಡಿಯ ತಿರುವು ದಾಟಿದರೆ ಕೇರಿಯ ಇಳಿಜಾರು. ಕಲ್ಲು ಎದ್ದ, ಗಟಾರದ ನೀರು ಹರಿದ ದಾರಿ. ಪಾಟೀಲ ಹುಟ್ಟಿದಾಗಿನಿಂದ ಅಲ್ಲಿ ಕಾಲಿಟ್ಟಿರಲಿಲ್ಲ. ಬಸವಕಿರಣ ಗುಡಿಯ ಹತ್ತಿರವೇ ನಿಂತುಬಿಟ್ಟ, ಮೊಬೈಲು ಕಿವಿಗಿಟ್ಟು. ಮಷೀನು ಈಗ ತಾನಾಗಿಯೇ ಉರುಳತೊಡಗಿತು. ಹಿಂದಿನವರು ನೂಕುವುದನ್ನು ಬಿಟ್ಟು ಹಿಂದಕ್ಕೆ ಜಗ್ಗಿದರು. ಮುಂದಿನವರು ತಿರುಗಿ ನಿಂತು, ಹಿಮ್ಮಡಿ ಊರಿ, ಹಿಡಿಗೆ ಎದೆ ಕೊಟ್ಟು ತಡೆದರು.

ಪಾಟೀಲ ಕೆಳಗೆ ನೋಡಿದ. ಜಿಗಿಯಲು ಕಾಲು ಚಾಚಿ, ಮತ್ತೆ ಎಳೆದುಕೊಂಡ.

"ಹಿಡೀರೆವ್ವಾ! ಗಟ್ಟಿ ಹಿಡೀರಿ! ಸುಂದರಬಾಯಿ, ನಮ್ಮವ್ವಾ, ಬಿಡಬ್ಯಾಡ!"

ಕೇರಿಯ ಮೊದಲ ಮನೆಯ ಗೋಡೆ ಎದುರಿಗೇ ಇತ್ತು. ಸುಂದರಬಾಯಿಯ ಅಂಗೈಯ ತೊಗಲು ಕಿತ್ತು, ಕಬ್ಬಿಣದ ಹಿಡಿ ರಕ್ತಕ್ಕೆ ಜಾರುತ್ತಿತ್ತು. ಅವಳು ಹಿಡಿದೇ ಇದ್ದಳು. ಇನ್ನೆಷ್ಟು ಹೊತ್ತು ಹಿಡಿದಾಳೆಂಬುದು ಅವಳಿಗೂ ತಿಳಿದಿರಲಿಲ್ಲ.